ಕುಣಿ ಚೊಕ್ಕ ಐತಿ

ಖಟ್—ಲಟಕ್, ಖಟ್—ಲಟಕ್, ಇದು ಎದುರುಮನೆ ಗಾಳೆಪ್ಪನ ಮಗ್ಗ, ಅದರ ಹಲಗೆ ಒಂದು ಕಡೆ ಸಡಿಲ, ನಲವತ್ತೊಂದು ದಿನ ಸುಮ್ಮನೆ ಬಿದ್ದಿದ್ದರೂ ಆ ಸಡಿಲು ಹೋಗಿಲ್ಲ, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು, ಬೆಟಗೇರಿಯ ಈ ನೇಕಾರ ಓಣಿಯ ಇಪ್ಪತ್ತೆಂಟು ಮಗ್ಗಗಳೂ ಇವತ್ತು ಬೆಳಿಗ್ಗೆಯಿಂದ ಒಟ್ಟಿಗೆ ಬಾಯಿ ತೆರೆದಿವೆ, ಶಂಕ್ರೆವ್ವ ರಾಟಿಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಾಳೆ, ಸುತ್ತುತ್ತಿರುವುದು ಬರೀ ಕೈ, ಅವಳ ಜೀವವೆಲ್ಲ ಎಡಗೈ ಮಣಿಕಟ್ಟಿನ ಮೇಲಿದೆ, ಬಳೆ ಮುಗಿಯುವಲ್ಲಿ ಸಾಸಿವೆ ಕಾಳಿನಷ್ಟು ಒಂದು ಕೆಂಪು, ಬೆಳಿಗ್ಗೆ ಇರಲಿಲ್ಲ, ಇತ್ತೇನೋ, ಯಾರು ದಿನಾ ಮಣಿಕಟ್ಟು ನೋಡಿಕೊಳ್ಳುತ್ತಾರೆ, ಜೋಪಡಿಯಲ್ಲಿ ಸೊಳ್ಳೆ ಕಡಿದಿರಬೇಕು, ಸೊಳ್ಳೆಯೇ, ಚಿಗಟ ಅಲ್ಲ, ಚಿಗಟವಾದರೆ ಸಾಲಾಗಿ ಎರಡು ಮೂರು ಕಡೆ ಕಡಿಯುತ್ತದೆ, ಹೌದಲ್ಲ—ಯಾರನ್ನು ಕೇಳುವುದು, ಇದನ್ನು ಕೇಳುವುದಕ್ಕೆ ಬಾಯಿ ತೆರೆದರೆ ಉಳಿದದ್ದೆಲ್ಲ ಅದರ ಹಿಂದೆಯೇ ಹೊರಗೆ ಬಂದುಬಿಡುತ್ತದೆ. ಮೂರು ಮೊಳದಾಚೆ ಗಂಡ ತಿರಕಪ್ಪ ಮಗ್ಗದ ಕುಣಿಯಲ್ಲಿ ಸೊಂಟದ ತನಕ ಇಳಿದು ಕುಳಿತು ನೇಯುತ್ತಿದ್ದಾನೆ, ಇಷ್ಟು ದಿನ ಒಣಗಿದ್ದ ಮುಖದ ಮೇಲೆ ಈಗ ಮದುಮಗನ ಕಳೆ, ಅವನ ಪಕ್ಕಕ್ಕೆ ಕುಣಿಯ ಅಂಚಿನ ಮೇಲೆ ಮೊಮ್ಮಗಳು ಕರೆವ್ವ, ನಾಲ್ಕು ವರ್ಷದ್ದು, ಎರಡೂ ಕಾಲು ಕುಣಿಯೊಳಗೆ ಇಳಿಬಿಟ್ಟು ಆಡಿಸುತ್ತಿದೆ, ಏ ಕರೆವ್ವಾ ಕಾಲ ಮ್ಯಾಲ ತಗೀ, ಅಂದಳು ಶಂಕ್ರೆವ್ವ, ಎಷ್ಟನೇ ಸಲವೋ, ಇರ್ಲಿ ಬಿಡ, ಕುಣಿಯಾಗ ಏನ ಹುಲಿ ಐತೇನ, ಅಂತ ತಿರಕಪ್ಪ ಲಾಳಿಯ ಹಗ್ಗ ಜಗ್ಗುತ್ತಲೇ ನಕ್ಕ, ನೀನ ನೋಡಿದಿ, ನೀನ ಚೊಕ್ಕ ಐತಿ ಅಂದಿ, ಈಗ ಕೂಸಿನ ಮ್ಯಾಲ ಯಾಕ ಹರಿಹಾಯ್ತಿ. ಹೌದು, ಅವಳೇ ಅಂದದ್ದು.

ಕುಣಿ ಚೊಕ್ಕ ಐತಿ, ಮೂರು ಮಾತು, ಅಷ್ಟೇ, ಎರಡೂ ಅಂಗೈ ಬಿಚ್ಚಿ ತೋರಿಸಿ ಅಂದಿದ್ದಳು, ಹೊರಗೆ ಓಣಿಯ ಬಾಯಿಗೆ ನಿಂತಿದ್ದ ನೂರೈವತ್ತು ಮಂದಿ ಹೋ ಅಂತ ಒಂದೇ ಉಸಿರಿಗೆ ಕೂಗಿದ್ದರು, ಆಗಸ್ಟಿನಲ್ಲಿ ಸ್ವಾತಂತ್ರ್ಯದ ಬಾವುಟ ಏರಿದ ದಿನವೂ ಈ ಓಣಿ ಹಾಗೆ ಕೂಗಿರಲಿಲ್ಲ. ನಲವತ್ತೇಳು ದಿನದ ಹಿಂದೆ ಮೊದಲ ಇಲಿ ಬಿದ್ದದ್ದು ಓಣಿಯ ಕೊನೆಯ ಮನೆಯ ಹಿತ್ತಲಲ್ಲಿ, ನಟ್ಟನಡು ಹಗಲು, ಕುಡಿದವರ ಹಾಗೆ ಗಿರಗಿರ ತಿರುಗಿ ಬಿತ್ತಂತೆ, ಮೂರನೇ ದಿನ ಆ ಮನೆಯ ಯಜಮಾನನಿಗೆ ತೊಡೆಸಂದಿಯಲ್ಲಿ ಗಂಟು, ಐದನೇ ದಿನ ಅವನಿಲ್ಲ, ಅವನ ಹೆಂಡತಿಯೂ ಇಲ್ಲ, ಮುನ್ಸಿಪಾಲಿಟಿಯವರು ಬಂದು ಓಣಿಗೆ ಬೇಲಿ ಬಡಿದು ಕೆಂಪು ಅರಿವೆ ಕಟ್ಟಿ ಎಲ್ಲರನ್ನೂ ಕೋಟುಮಚಗಿ ದಾರಿಯ ಬಯಲಿನ ಜೋಪಡಿಗಳಿಗೆ ಹೊರಡಿಸಿದರು, ಪ್ಲೇಗು ಅಂದರೆ ಊರು ಬಿಡುವುದು, ಅದು ಹೊಸದಲ್ಲ, ಹೊತ್ತುಕೊಂಡು ಹೋಗಬಹುದಾದದ್ದನ್ನೆಲ್ಲ ಹೊತ್ತುಕೊಂಡು ಹೋದರು, ಆದರೆ ಕುಣಿಮಗ್ಗ ಹೊತ್ತುಕೊಂಡು ಹೋಗುವುದು ಹೇಗೆ, ಅದು ನೆಲದಲ್ಲಿ ಹೂತದ್ದು, ಬಡಿಗನಿಗೆ ಬಾಚಿ, ಒಕ್ಕಲಿಗನಿಗೆ ನೊಗ, ಅವರು ಎಲ್ಲಿ ಹೋದರೂ ದುಡಿಮೆ ಅವರ ಹೆಗಲ ಮೇಲೆ, ನೇಕಾರ ಮಾತ್ರ ಮನೆ ಬಿಟ್ಟ ದಿನವೇ ಅನ್ನ ಬಿಟ್ಟ. ಮೊದಲ ವಾರ ಕಟ್ಟಿಕೊಂಡು ಹೋದದ್ದನ್ನು ತಿಂದರು, ಎರಡನೇ ವಾರ ಊರಿನವರು ಕೊಟ್ಟ ನುಚ್ಚು, ಮೂರನೇ ವಾರದಿಂದ ಹೊಲದ ಅಂಚಿನ ಸೊಪ್ಪು, ಬೆಟಗೇರಿಯ ಮಂದಿ ಅಂದರೆ ಸಾಕು ಗದಗಿನ ಪೇಟೆಯಲ್ಲಿ ಹಮಾಲಿಗೂ ಕರೆಯುತ್ತಿರಲಿಲ್ಲ, ದೂರ ನಿಲ್ಲರಿ, ದೂರ, ಅನ್ನುತ್ತಿದ್ದರು, ಮತ್ತೆ ಗಾಳೆಪ್ಪನ ಹೆಂಡತಿ ದೇವವ್ವನ ಎದೆ ಒಣಗಿತು, ಮೂರು ತಿಂಗಳ ಕೂಸು ಬಾಯಿ ಚಪ್ಪರಿಸಿ ಚಪ್ಪರಿಸಿ ಒಂದು ದಿನ ಚಪ್ಪರಿಸುವುದನ್ನೂ ಬಿಟ್ಟಿತು, ಅದಕ್ಕೆ ಗಂಟು ಇರಲಿಲ್ಲ, ಜ್ವರ ಇರಲಿಲ್ಲ, ಡಾಕ್ಟರು ತಿರುಗಾಮುರುಗಾ ನೋಡಿ ಇದು ಪ್ಲೇಗಲ್ಲ ಅಂದರು, ಸಮಾಧಾನ ಹೇಳುವವರ ಹಾಗೆ. ದೇವವ್ವ ಅಳಲಿಲ್ಲ, ಅವತ್ತಿನಿಂದ ಮಾತೂ ಆಡಿಲ್ಲ, ಈಗಲೂ ಎದುರಿಗೆ ತನ್ನ ಮನೆಯ ಹೊಸ್ತಿಲಲ್ಲಿ ಕುಳಿತಿದ್ದಾಳೆ, ಗಾಳೆಪ್ಪ ಒಳಗೆ ನೇಯುತ್ತಾನೆ, ಅವಳು ಕುಳಿತಿದ್ದಾಳೆ, ಸುಮ್ಮನೆ ಈ ಕಡೆ ನೋಡುತ್ತಾಳೆ.

ನೋಡಬ್ಯಾಡ ಯವ್ವಾ, ಹಂಗ ನೋಡಬ್ಯಾಡ. ಬೇವಿನ ಗಿಡದ ಕೆಳಗೆ ದೈವ, ಅಂದರೆ ಓಣಿಯ ಪಂಚಾಯ್ತಿ, ಕೂಡಿದ ದಿನವೂ ಅವಳು ಹೀಗೇ ನೋಡುತ್ತಿದ್ದಳು, ಮೊನ್ನೆ, ಓಣಿಯ ಹಿರಿಯ ಅಂತ ತಿರಕಪ್ಪ ನಡುವೆ ಕುಳಿತಿದ್ದ, ಮುನ್ಸಿಪಾಲಿಟಿಯ ಸಾಹೇಬರು ಕುರ್ಚಿಯ ಮೇಲೆ, ಪಾಪ ಒಳ್ಳೆಯ ಮನುಷ್ಯ, ಇಲಿ ಬೀಳೂದು ನಿಂತು ಹನ್ನೊಂದ ದಿನಾ ಆತು, ಇಪ್ಪತ್ತೊಂದ ಆಗಬೇಕು, ಇನ್ನ ಹತ್ತ ದಿನಾ ತಡಕೊಳ್ರಿ, ಕೈ ಮುಗಿದು ಹೇಳ್ತೀನಿ, ಅಂದರು, ಖರೇನ ಕೈ ಮುಗಿದರು. ಲಕ್ಷ್ಮೇಶ್ವರದಿಂದ ಸೀರೆ ಸಾವಕಾರ ಪುಂಡಲೀಕಪ್ಪ ಬಂದಿದ್ದ, ಅವನ ಊರು ಸಂಸ್ಥಾನದಲ್ಲಿದ್ದಾಗ ಪ್ಲೇಗು ಅಂದರೆ ನಾಕಾದಲ್ಲಿ ಬಡಿಗೆ ಅಡ್ಡ ಹಿಡಿದು ಈ ಕಡೆಯವರನ್ನು ತಡೆಯುತ್ತಿದ್ದರು, ಈಗ ಸಂಸ್ಥಾನ ಹೋಯಿತು, ನಾಕಾ ಹೋಯಿತು, ಯಾರು ಬೇಕಾದರೂ ಬರಬಹುದು, ಸಾವಕಾರನೂ ಬರಬಹುದು ಬ್ಯಾನಿಯೂ ಬರಬಹುದು, ಅವನು ಹೇಳಿದ, ನಾ ಯಾರಿಗೂ ಜುಲುಮಿ ಮಾಡೂದಿಲ್ಲ, ಲಗ್ನದ ಸೀಜನ್ ನಿಮ್ಮ ಸಲುವಾಗಿ ನಿಲ್ಲೂದಿಲ್ಲ ನೋಡ್ರಿ, ನೀವು ಮಗ್ಗಕ್ಕ ಕುಂತ ದಿನಾನ ಒಂದ ಗಾಡಿ ಜೋಳ ತರ್ತೀನಿ, ಕುಂಡ್ರದಿದ್ರ ಇಳಕಲ್ಲಿಗೆ ಹೋಗಬೇಕಾಗತೈತಿ. ಗಾಳೆಪ್ಪ ಎದ್ದು ನಿಂತ, ಸಾಹೇಬ್ರ ಹತ್ತ ದಿನಾ ಅಂದ್ರ ಎಷ್ಟ ಕೂಸು ಹೇಳ್ರಿ, ನಂದೊಂದು ಹೋತು, ಇನ್ನ ಎಷ್ಟ, ಅಷ್ಟ ಹೇಳಿಬಿಡ್ರಿ, ಅಂದ, ಸಾಹೇಬರು ತಲೆ ತಗ್ಗಿಸಿದರು, ಒಳಗ ಹೋದ ಮ್ಯಾಲ ಒಂದ ಇಲಿ ಬಿದ್ರ ಎಷ್ಟ ಅಂತ ನಾನೂ ಹೇಳಲಾರೆ ಗಾಳೆಪ್ಪ, ಅಂದರು, ಇಬ್ಬರದೂ ಖರೆ, ಅದೇ ಸುಡುಗಾಡು, ಇಬ್ಬರದೂ ಖರೆ. ಆಗ ಎಲ್ಲರೂ ತಿರಕಪ್ಪನ ಕಡೆ ನೋಡಿದರು, ತಿರಕಪ್ಪ ಶಂಕ್ರೆವ್ವನ ಕಡೆ ನೋಡಿದ, ಮತ್ತೆ ಹೇಳಿದ, ನಮ್ಮಲ್ಲೆ ಒಂದ ಪದ್ಧತಿ ಐತಿ, ಕುಣಿ ನೋಡಸೋಣ.

ಪದ್ಧತಿ ಅಂದರೆ ಬಹಳ ಹಳೆಯದೇನಲ್ಲ, ಐವತ್ತು ವರ್ಷದ ಹಿಂದೆ ಮೊದಲನೇ ಪ್ಲೇಗು ಬಂದಾಗ ಶಂಕ್ರೆವ್ವನ ಅತ್ತೆಯ ಅತ್ತೆ ಶುರು ಮಾಡಿದ್ದು, ಹಿರಿಯನ ಮನೆಯ ಹೆಂಗಸು ಒಬ್ಬಳೇ ಮೊದಲು ಒಳಗೆ ಹೋಗಬೇಕು, ತನ್ನ ಮನೆಯ ಹೊಸ್ತಿಲು ಸಾರಿಸಬೇಕು, ಮಗ್ಗದ ಕುಣಿಗೆ ಇಳಿದು ಮೂಲೆ ಮೂಲೆಗೆ ಹಾಲು ಹನಿಸಬೇಕು, ನೋಡಬೇಕು, ಇಲಿ ಬೀಳುವುದು ಕುಣಿಯಲ್ಲೇ, ಹಾಸಿನ ನೂಲಿಗೆ ಹಚ್ಚಿದ ಗಂಜಿಯ ವಾಸನೆಗೆ ಬಂದು ಅಲ್ಲೇ ಬೀಳುತ್ತವೆ, ಏನೂ ಇರದಿದ್ದರೆ ಬಾಗಿಲಿಗೆ ಬಂದು ಅಂಗೈ ಬಿಚ್ಚಿ ತೋರಿಸಬೇಕು, ಇದ್ದರೆ ಮಾತಿಲ್ಲದೆ ಮುಷ್ಟಿ ಹಿಡಿದು ಬರಬೇಕು, ಮುಷ್ಟಿ ಕಂಡರೆ ಮಂದಿ ಅಲ್ಲಿಂದ ಅಲ್ಲೇ ತಿರುಗಿ ಬಯಲಿಗೆ, ಯಾರೂ ಯಾಕೆ ಅಂತ ಕೇಳುವುದಿಲ್ಲ. ಅತ್ತೆ ಒಂದು ಸಲ ಮುಷ್ಟಿ ಹಿಡಿದು ಬಂದಿದ್ದಳಂತೆ, ಆ ಕತೆಯನ್ನು ಎಷ್ಟು ಸಲ ಹೇಳುತ್ತಿದ್ದಳು, ಹೇಳುವಾಗಲೂ ಮುಷ್ಟಿ ಹಿಡಿಯುತ್ತಿದ್ದಳು. ಸಾಹೇಬರಿಗೆ ಈ ಪದ್ಧತಿ ಸೇರಲಿಲ್ಲ, ಆದರೂ ಅವರ ಹತ್ತಿರ ಕೊಡುವುದಕ್ಕೆ ಜೋಳ ಇರಲಿಲ್ಲ, ಆತ್ರಿ, ಕುಣಿ ಚೊಕ್ಕ ಇದ್ರ ಹೋಗ್ರಿ, ನನ್ನ ಮಾತು ಮುಗೀತು, ಅಂತ ಎದ್ದು ಹೋದರು. ಅವರಿಗೆ ಏನು ಗೊತ್ತು, ತಿರಕಪ್ಪನಿಗಾದರೂ ಏನು ಗೊತ್ತು, ಬೇವಿನ ಗಿಡದ ಕೆಳಗೆ ಗೊತ್ತಿದ್ದದ್ದು ಅವಳೊಬ್ಬಳಿಗೆ, ಆ ಕುಣಿಗೆ ಅವಳು ಆಗಲೇ ಇಳಿದು ಬಂದಿದ್ದಳು, ಕದ್ದು, ಎಂಟು ದಿನದ ಹಿಂದೆ.

ಅದೂ ಹಾಸಿನ ಸಲುವಾಗಿಯೇ, ಮತ್ತೆ ಯಾತರ ಸಲುವಾಗಿ, ಪರ್ಮಿಟ್ಟಿನ ಮೇಲೆ ಸಿಕ್ಕ ಕಡೆಯ ನೂಲು, ಆರು ಸೀರೆಯ ಹಾಸು, ಗಂಜಿ ಹಚ್ಚಿ ಮಗ್ಗಕ್ಕೆ ಏರಿಸಿದ ಮರುದಿನವೇ ಊರು ಬಿಟ್ಟದ್ದು, ಗಂಜಿ ಹಚ್ಚಿದ ಹಾಸೆಂದರೆ ಇಲಿಗೆ ಹೋಳಿಗೆ ಊಟ, ಜೋಪಡಿಯಲ್ಲಿ ಮಲಗಿದರೂ ಕುಳಿತರೂ ಶಂಕ್ರೆವ್ವನ ಕಿವಿಯಲ್ಲಿ ಕಟಕಟ ಕಡಿಯುವ ಸದ್ದು, ಅದು ಹೋದರೆ ಮಗ್ಗ ಇದ್ದೂ ಇಲ್ಲ. ಅದಕ್ಕೆ ಮೋತಿಬಿಯ ಕಾಲು ಹಿಡಿದಳು, ಮೋತಿಬಿ ಅಂದರೆ ಓಣಿಯ ಮೊದಲ ಮನೆಯವಳು, ಅವಳ ಗಂಡ ಕುತುಬುದ್ದೀನ ಮುನ್ಸಿಪಾಲಿಟಿಯಲ್ಲಿ ಇಲಿ ಬೋನು ಇಡುವ ಕೆಲಸದವನು, ಬೇಲಿಯೊಳಗೆ ಹೋಗುವ ಹಕ್ಕಿದ್ದದ್ದು ಅವನೊಬ್ಬನಿಗೆ, ಅವನ ಡಬ್ಬಿಯಿಂದ ಚಿಟಿಕೆ ಇಲಿಪಾಷಾಣ ಮೋತಿಬಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು, ಅಕ್ಕಾ ಗೊತ್ತಾದ್ರ ಅವರ ನೌಕರಿ ಹೋಗತೈತಿ, ಅಂತ ಹೆದರುತ್ತಲೇ. ಹಿಟ್ಟು ಶಂಕ್ರೆವ್ವನದು, ಕಡೆಗೆ ಉಳಿದಿದ್ದ ಒಂದು ಮುಷ್ಟಿ ಜೋಳದ ಹಿಟ್ಟು, ಆ ದಿನ ಗಾಳೆಪ್ಪನ ಕೂಸು ಇನ್ನೂ ಬದುಕಿತ್ತು, ಅದರ ತಾಯಿಗೆ ಒಂದು ರೊಟ್ಟಿ ಆಗುತ್ತಿತ್ತು ಆ ಹಿಟ್ಟು, ಇಲಿಗೆ ಹಾಕಿದಳು, ಬೆಲ್ಲ ಹಾಕಿ ಪಾಷಾಣ ಹಾಕಿ ಮೂರು ಉಂಡಿ ಕಟ್ಟಿದಳು, ಒಂದೊಂದರ ನೆತ್ತಿಯನ್ನೂ ಹೆಬ್ಬೆರಳಿನಿಂದ ಒತ್ತಿದಳು, ಉಂಡಿ ಕಟ್ಟಿದಾಗ ಒತ್ತುವುದು ಅವಳ ರೂಢಿ, ಮೂವತ್ತು ವರ್ಷ ನೂಲು ಹರಿದು ಹರಿದು ಆ ಹೆಬ್ಬೆರಳ ನಡುವೆ ಒಂದು ಅಡ್ಡಗೆರೆ ಬಿದ್ದಿದೆ, ಆ ಗೆರೆ ಸಮೇತ ಮೂರರ ಮೇಲೂ ಮೂಡಿತು. ಇಬ್ಬರೂ ಮಟಮಟ ಮಧ್ಯಾಹ್ನ ಹಿತ್ತಲ ಬೇಲಿ ಸಂದಿಯಿಂದ ನುಸುಳಿ ಒಳಗೆ ಬಂದರು, ಹಾಸು ಕೆಡದೆ ಇತ್ತು, ದೇವರೇ, ಒಂದು ಅಂಚು ಮಾತ್ರ ಕಡಿದಿದ್ದವು, ಶಂಕ್ರೆವ್ವ ಕುಣಿಗೆ ಇಳಿದು ಮೂರು ಮೂಲೆಗೆ ಮೂರು ಉಂಡಿ ಇಟ್ಟಳು, ಕಾವಲಿನವನ ಕೆಮ್ಮು ಕೇಳಿ ತಾನು ಮೊದಲು ಓಡಿ ಬೇಲಿಯ ಹತ್ತಿರ ಬಂದಳು, ಸ್ವಲ್ಪ ಹೊತ್ತಿಗೆ ಮೋತಿಬಿ ಬಂದಳು, ಮರುದಿನವೇ ಮಕ್ಕಳನ್ನು ಕಟ್ಟಿಕೊಂಡು ಮುಂಡರಗಿಯ ತವರಿಗೆ ಹೊರಟುಹೋದಳು. ಮೂರು ಉಂಡಿ, ಮೂರು ಮೂಲೆ, ಹೆಬ್ಬೆರಳ ಗುರುತು.

ಮತ್ತೆ ಇವತ್ತು ಬೆಳಿಗ್ಗೆ—ಬೇಡ, ಅದನ್ನು ನೆನೆಯುವುದು ಬೇಡ, ಆದರೆ ರಾಟಿ ತಿರುಗಿದಷ್ಟೂ ಅದೇ ತಿರುಗುತ್ತದೆ, ಕೈಯಲ್ಲಿ ಹಾಲಿನ ಗಿಂಡಿ, ಬಗಲಲ್ಲಿ ಸಗಣಿ ಬುಟ್ಟಿ, ಹಿಂದೆ ನೂರೈವತ್ತು ಮಂದಿ ಉಸಿರು ಹಿಡಿದು ನಿಂತಿದ್ದಾರೆ, ಆಚೆ ಎತ್ತಿನ ಗಾಡಿ, ಗಾಡಿಯಲ್ಲಿ ಪುಂಡಲೀಕಪ್ಪನ ಜೋಳದ ಚೀಲಗಳು, ಅವನು ಮಾತಿಗೆ ತಪ್ಪಿರಲಿಲ್ಲ, ಆದರೆ ಚೀಲದ ಬಾಯಿ ಇನ್ನೂ ಬಿಚ್ಚಿರಲಿಲ್ಲ. ಅವಳು ಒಳಗೆ ಬಂದಳು, ಸಾರಿಸಿದಳು, ಇಳಿದಳು, ಕುಣಿಯ ನೆಲ ತಂಪಗೆ ಕಾಲಿಗೆ ತಾಗಿತು, ಮೊದಲ ಮೂಲೆಗೆ ಹಾಲು ಹನಿಸಿದಳು, ಉಂಡಿ ಇಲ್ಲ, ಎರಡನೇ ಮೂಲೆಗೆ ಹನಿಸಿದಳು, ಉಂಡಿ ಇಲ್ಲ, ಮೂರನೇ ಮೂಲೆ, ಅಲ್ಲೂ ಇಲ್ಲ, ಮತ್ತೆ ಕಾಲಿನಿಂದ ತುಳಿಯುವ ಹಲಗೆಯ ಕೆಳಗೆ, ಬಾಲ. ದೊಡ್ಡದು, ಮಗ್ಗುಲಾಗಿ ಮಲಗಿತ್ತು, ಹೊಟ್ಟೆ ಉಬ್ಬಿರಲಿಲ್ಲ, ಹೊಸದಾಗಿ ಸತ್ತದ್ದು, ಬಾಯಿ ಸ್ವಲ್ಪ ತೆರೆದಿತ್ತು. ನನ್ನ ಪಾಷಾಣ ತಿಂದು ಸತ್ತೈತಿ, ಅಂತ ಒಂದು ಮಾತು ಹೊಳೆಯಿತು, ಹೊಳೆದದ್ದೇ ತಡ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಉಂಡಿ ಇಲ್ಲ, ಇಲಿ ಐತಿ, ಅಂದ ಮ್ಯಾಲ ಉಂಡಿ ತಿಂದ ಸತ್ತೈತಿ, ಇದು ಬ್ಯಾನಿ ಇಲಿ ಅಲ್ಲ, ಇದು ನಾ ಕೊಂದ ಇಲಿ, ಆದರೆ ಇದನ್ನು ಹೊರಗೆ ಹೋಗಿ ಹೇಳುವುದು ಹೇಗೆ, ಪಾಷಾಣ ಇಟ್ಟಿದ್ದೆ ಅಂದರೆ ಕದ್ದು ಹೋಗಿದ್ದು ಹೊರಬೀಳುತ್ತದೆ, ಕುತುಬುದ್ದೀನನ ನೌಕರಿ ಹೋಗುತ್ತದೆ, ಅದಕ್ಕಿಂತ ಹೆಚ್ಚು ಯಾರು ನಂಬುತ್ತಾರೆ, ಇಲಿ ಕಂಡಿತು ಅಂದರೆ ಮುಗಿಯಿತು, ಗಾಡಿ ಹೊಳ್ಳಿ ಹೋಗುತ್ತದೆ, ಕಟ್ಟಿದ ಚೀಲ ಕಟ್ಟಿದ ಹಾಗೇ ಹೋಗುತ್ತದೆ. ಬಾಲ ಹಿಡಿದು ಎತ್ತಿ ಸಗಣಿ ಬುಟ್ಟಿಯಲ್ಲಿ ಹುದುಗಿಸಿದಳು, ಆಗ ಮಣಿಕಟ್ಟಿನ ಮೇಲೆ ಏನೋ ಚುರ್ ಅಂತೇ, ಇಲ್ಲವೇ, ಅಂತೋ ಇಲ್ಲವೋ, ಸೆರಗಿಗೆ ಕೈ ಒರೆಸಿ ಬಾಗಿಲಿಗೆ ಬಂದು ಎರಡೂ ಅಂಗೈ ಬಿಚ್ಚಿದಳು.

ಆಮೇಲಿನದೆಲ್ಲ ಹಬ್ಬ, ಚೀಲ ಬಿಚ್ಚಿದರು, ಬೀಸುವ ಕಲ್ಲುಗಳು ಗುಡುಗಿದವು, ಬುಟ್ಟಿಯನ್ನು ಅವಳು ಎಲ್ಲರ ನಡುವೆಯೇ ಬಗಲಲ್ಲಿ ಹಿಡಿದು ಹಿತ್ತಲಿಗೆ ಒಯ್ದು ಇಲಿಯನ್ನು ತಿಪ್ಪೆಯಲ್ಲಿ ಹೂತು ಬಂದಳು, ದಾರಿಯಲ್ಲಿ ನಾಲ್ಕು ಜನ ಹೆಂಗಸರು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದರು, ಸೊಸೆ ರೊಟ್ಟಿ ಬಡಿದಳು, ಈಗಲೂ ಬಡಿಯುತ್ತಿದ್ದಾಳೆ, ಪಟ್ ಪಟ್ ಪಟ್, ಮಗನಿಗೆ ಹುಬ್ಬಳ್ಳಿ ಗಿರಣಿಗೆ ಪತ್ರ ಬರೆಸಬೇಕು, ಓಣಿಗೆ ಬಂದೀವಿ ಬಾ ಅಂತ, ಬರಬ್ಯಾಡ ಅಂತ ಬರೆಸಲೇ, ಕರೆವ್ವ ಮೊದಲ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿ ಅಂತ ಅಳುತ್ತಲೇ ತಿಂದಿತು, ಉಗುಳಲಿಲ್ಲ, ಆ ಅಳು ಆ ಬಾಯಿ ನೋಡಿ ಶಂಕ್ರೆವ್ವನಿಗೆ ಮಾಡಿದ್ದು ಸರಿ ಅನಿಸಿತು, ಸರಿಯೇ, ಸಾವಿರ ಸಲ ಸರಿ—ಒಂದೇ ಇಲಿ ಮೂರು ಉಂಡಿ ತಿಂದೀತೇ. ಇದು ಒಂದು ಬಂದು ಕುಳಿತಿದೆ ತಲೆಯಲ್ಲಿ, ಹೋಗುವುದಿಲ್ಲ, ಒಂದೊಂದು ಉಂಡಿ ನೆಲ್ಲಿಕಾಯಿಯಷ್ಟಿತ್ತು, ಒಂದನ್ನು ತಿಂದರೇ ಸಾಯಬೇಕು, ಉಳಿದ ಎರಡನ್ನು ಬೇರೆ ಇಲಿ ಒಯ್ದಿರಬೇಕು, ಬಿಲದಲ್ಲಿ ಸತ್ತಿರಬೇಕು, ಹೌದು, ಎಂಟು ದಿನ ಆಯಿತು ಅಂದ ಮೇಲೆ ಇದು ಯಾಕೆ ಹೊಸದಾಗಿ ಸತ್ತಿತ್ತು, ಕಡೆಗೆ ತಿಂದಿರಬೇಕು, ನಿನ್ನೆ ತಿಂದಿರಬೇಕು. ಪಾಷಾಣ ತಿಂದ ಇಲಿ ನೀರ ಹುಡುಕ್ಕೋಂತ ಹೋಗತೈತಿ ಅಕ್ಕಾರ, ಬ್ಯಾನಿ ಇಲಿ ಬಯಲಿಗೆ ಬಂದ ಬೀಳತೈತಿ, ಅಂತ ಕುತುಬುದ್ದೀನ ಒಂದು ಸಲ ಹೇಳಿದ್ದ, ಕುಣಿ ತಂಪಗಿರುತ್ತದೆ, ತಂಪು ಅಂದರೆ ನೀರಿದ್ದ ಹಾಗೆಯೇ, ಅಂದ ಮೇಲೆ ಇದು ಪಾಷಾಣದ್ದೇ, ಕುಣಿಗೆ ಬಯಲು ಅನ್ನುತ್ತಾರೆಯೇ, ಅನ್ನುವುದಿಲ್ಲ. ಸೊಂಟ ಯಾಕೆ ಹಿಡಿದ ಹಾಗಿದೆ, ಬೆಳಿಗ್ಗೆಯಿಂದ ಸಾರಿಸಿದ್ದಕ್ಕೆ, ಅಷ್ಟೇ, ಸೊಂಟ ಸ್ವಲ್ಪ ಹಿಡದೈತಿ, ಅಂದಿದ್ದಳು ಅವ್ವ, ತವರು ಅಡರಕಟ್ಟಿಯಲ್ಲಿ, ಅಲ್ಲಿ ಪ್ಲೇಗು ಬಂದಾಗ ಶಂಕ್ರೆವ್ವ ಎಂಟು ವರ್ಷದವಳು, ಬಯಲಿನಿಂದ ಊರೊಳಗೆ ಬಂದ ನಾಲ್ಕನೇ ದಿನ, ಅಪ್ಪ ಅವಸರ ಮಾಡಿ ಎಲ್ಲರಿಗಿಂತ ಮೊದಲು ಕರೆದುಕೊಂಡು ಬಂದಿದ್ದ, ಕಣದಲ್ಲಿ ಜೋಳ ಹಾಳಾಗತೈತಿ ಅಂತ, ಜೋಳ ಉಳಿಯಿತು, ಅವ್ವ ಒಲೆಯ ಮುಂದೆ ಕುಳಿತವಳು ತೊಡೆಸಂದಿಗೆ ಕೈ ಇಟ್ಟುಕೊಂಡು ಸುಮ್ಮನೆ ಒಲೆಯನ್ನೇ ನೋಡುತ್ತಿದ್ದಳು, ಏನಾತ ಯವ್ವಾ ಅಂದರೆ, ಏನಿಲ್ಲ ನೀ ಹೊರಗ ಹೋಗು, ನನ್ನ ಹಂತ್ಯಾಕ ಬರಬ್ಯಾಡ, ಹೋಗು, ಅಂತ ಉರಿಯುವ ಕೊಳ್ಳಿ ಎತ್ತಿ ಹೆದರಿಸಿದಳು, ಅದೇ ಅವಳ ಕಡೆಯ ಮಾತು. ಶಂಕ್ರೆವ್ವ ನೂಲು ತೆಗೆದುಕೊಳ್ಳುವವಳ ಹಾಗೆ ಬಗ್ಗಿ ತೊಡೆಸಂದಿಯನ್ನು ಮುಟ್ಟಿ ನೋಡಿಕೊಂಡಳು, ಏನೂ ಇಲ್ಲ, ಇವತ್ತೇ ಹೇಗೆ ಬರುತ್ತದೆ ಹುಚ್ಚಿ, ಅದಕ್ಕೆ ಮೂರು ದಿನ ಬೇಕು, ಮೂರು ದಿನ ಹೀಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಕುಳಿತಿರಬೇಕು. ಕರೆವ್ವಾ, ಕಾಲ ಮ್ಯಾಲ ತಗೀ ಅಂದ್ನೆಲ್ಲ.

ಶಂಕ್ರಕ್ಕಾ, ಅಂತ ಬಾಗಿಲಲ್ಲಿ ಯಾರೋ ಕೂಗಿದರು, ಬೆಳಕಿಗೆ ಬೆನ್ನು ಮಾಡಿ ನಿಂತದ್ದಕ್ಕೆ ಮುಖ ಕಾಣಲಿಲ್ಲ, ದನಿಯಿಂದ ಗೊತ್ತಾಯಿತು, ಮೋತಿಬಿ, ಮುಂಡರಗಿಯಿಂದ ಈಗ ತಾನೇ ಬಂದಿದ್ದಾಳೆ, ಹೊಸಬಳೆ ಇಟ್ಟುಕೊಂಡಿದ್ದಾಳೆ, ಬಾ ಯವ್ವಾ ಕುಂಡ್ರ ಬಾ, ಎಲ್ಲಾ ಆರಾಮ ಅದಾರಿಲ್ಲ ತವರಾಗ, ಅಂದಳು ಶಂಕ್ರೆವ್ವ, ತನ್ನ ದನಿ ತನಗೇ ಬೇರೆಯವರದು ಅನಿಸಿತು. ಎಲ್ಲಾ ಆರಾಮ ಅಕ್ಕಾ, ನಿನ್ನಿ ಇವರು ಖಬರ ಕಳಿಸಿದ್ರು, ಕುಣಿ ನೋಡಸ್ತಾರಂತ ಬಾ ಅಂತ, ಮಗ್ಗದ ಸಪ್ಪಳ ಊರ ಹೊರಗಿನ ಹಳ್ಳದ ತನಕ ಕೇಳತೈತಿ, ಕೇಳಿ ನನಗ ಅಳುನ ಬಂತು ನೋಡು, ಅಂದಳು ಮೋತಿಬಿ, ತಿರಕಪ್ಪ ಕುಣಿಯಿಂದಲೇ, ನಿಮ್ಮಕ್ಕನ ಕೈಗುಣ ಮೋತಿಬಿ, ಅಂದ, ಮೋತಿಬಿ ನಕ್ಕಳು, ಕರೆವ್ವನ ಗಲ್ಲ ಹಿಂಡಿದಳು, ಆಮೇಲೆ ಮಗ್ಗದ ಸದ್ದಿನ ಮರೆಯಲ್ಲಿ ಶಂಕ್ರೆವ್ವನ ಕಿವಿಯ ಹತ್ತಿರ ಬಗ್ಗಿದಳು, ಅಕ್ಕಾ, ಅವನ್ನ ತಗದ ಒಗದಿ ಇಲ್ಲೋ. ಯಾವನ್ನ, ಅಂದಳು ಶಂಕ್ರೆವ್ವ. ಅವೇ, ಉಂಡಿ, ನನಗ ದಾರಿಯುದ್ದಕ್ಕೂ ಅದ ಚಿಂತಿ, ಈ ಕೂಸಿನ ಕೈಗೆ ಸಿಕ್ಕಗಿಕ್ಕಾವು ಅಂತ, ಬೆಲ್ಲದ ವಾಸನಿಗೆ ಬಾಯಾಗ ಹಾಕ್ಕೊಂಡಗಿಂಡೀತು ಅಂತ. ಶಂಕ್ರೆವ್ವನ ಕೈ ರಾಟಿಯ ಮೇಲೆ ಹಾಗೇ ನಿಂತಿತು, ಅವು ಎಲ್ಲೆ ಅದಾವು ಮೋತಿಬಿ, ಕುಣಿಯಾಗ ಇಟ್ಟಿದ್ದೆ, ಇಲಿ ತಿಂದಾವು, ಅಂದಳು. ಅಯ್ಯ ಇಲ್ಲಕ್ಕಾ, ನಿನಗ ಹೇಳಾಕ ಆಗಲಿಲ್ಲ ನೋಡು, ಮರುದಿನಾನ ನಾ ಊರಿಗೆ ಹ್ವಾದೆ, ಅವತ್ತ ನೀ ಮುಂದ ಓಡಿ ಹೋದಿಲ್ಲ, ನನಗ ಮನಸ್ಸು ತಡೀಲಿಲ್ಲ, ಕುಣಿ ಅಂದ್ರ ನಿಮ್ಮವರು ಹಾಲ ಹನಸೂ ಜಾಗಾ, ಅಂಥಾ ಜಾಗಾದಾಗ ವಿಷಾ ಇಡಬಾರದಂತ ನಾನ ಮೂರೂ ತಗದು ಆ ಗೂಡಿನ್ಯಾಗ ಇಟ್ಟೆ, ಇಲಿ ಅಲ್ಲೀನೂ ಹತ್ತತಾವ ಬಿಡು ಅಂತ. ತಪ್ಪಾತೇನ ಅಕ್ಕಾ, ಯಾಕ ಹಂಗ ನೋಡ್ತಿ, ಅಕ್ಕಾ.

ಗೂಡು, ಮಗ್ಗದ ಹಿಂದಿನ ಗೋಡೆಯಲ್ಲಿ, ತಿರಕಪ್ಪನ ತಲೆಗಿಂತ ಎರಡು ಗೇಣು ಮೇಲೆ, ಮುರಿದ ಲಾಳಿ ಎಣ್ಣೆಯ ಬಟ್ಟಲು ಹಳೆಯ ಫಣಿಯ ತುಂಡು ಇಡುವ ಗೂಡು, ಬೆಳಿಗ್ಗೆಯಿಂದ ಅದರ ಕೆಳಗೇ ಓಡಾಡಿದ್ದಾಳೆ, ತಲೆ ಎತ್ತಿ ನೋಡಿಲ್ಲ. ಶಂಕ್ರೆವ್ವ ಎದ್ದಳು, ಖಾಲಿ ಇರಲಿ, ಎಪ್ಪಾ ನನ್ನಪ್ಪಾ ಖಾಲಿ ಇರಲಿ, ಇಲಿ ಹತ್ತಿ ತಿಂದಿರಲಿ, ಒಂದಾದರೂ ತಿಂದಿರಲಿ, ಒಂದು ಸಾಕು, ಒಂದು ಉಂಡಿಗೆ ಒಂದು ಇಲಿ, ಅಷ್ಟು ಕೊಡು, ಈ ಓಣಿಯ ಇಪ್ಪತ್ತೆಂಟು ಮನೆಯ ಸಲುವಾಗಿ ಅಷ್ಟು ಕೊಡು, ಏನ ಹುಡುಕ್ತೀ ಅಲ್ಲೆ, ಅಂದ ತಿರಕಪ್ಪ, ಎಣ್ಣಿ, ಅಂದಳು, ಕೈ ಚಾಚಿದಳು, ಬಟ್ಟಲು ಸಿಕ್ಕಿತು, ಲಾಳಿ ಸಿಕ್ಕಿತು, ಅದರ ಹಿಂದೆ ಬೆರಳಿಗೆ ಒಂದು ಗುಂಡಗಿನದು ತಾಗಿತು, ಒಣಗಿ ಗಟ್ಟಿಯಾದದ್ದು, ಅದರ ಪಕ್ಕ ಇನ್ನೊಂದು, ಅದರ ಪಕ್ಕ—ತೆಗೆದು ಬೆಳಕಿಗೆ ಹಿಡಿದಳು. ಮೂರು. ಎಲ್ಲೂ ಹಲ್ಲು ತಾಗಿಲ್ಲ, ಒಂದು ಕಡೆಯೂ ಪುಡಿ ಉದುರಿಲ್ಲ, ಮೂರರ ನೆತ್ತಿಯ ಮೇಲೂ ಅವಳ ಹೆಬ್ಬೆರಳು, ನಡುವೆ ಅಡ್ಡಗೆರೆ, ನಿನ್ನೆ ಒತ್ತಿದ ಹಾಗೆ. ಅಂದ ಮೇಲೆ ಆ ಇಲಿ, ತುಳಿಯುವ ಹಲಗೆಯ ಕೆಳಗೆ, ಮಗ್ಗುಲಾಗಿ, ಬಾಯಿ ತೆರೆದು, ಅಂದ ಮೇಲೆ ಆ ಇಲಿ—ಮತ್ತೆ ಕರೆವ್ವನ ಕಾಲು ಅಲ್ಲೇ ಆಡುತ್ತಿದೆ, ಸಣ್ಣ ಕಾಲು, ರೊಟ್ಟಿ ತಿಂದು ಖುಷಿಯಾದ ಕಾಲು, ಅವಳು ಬಗ್ಗಿ ಕೂಸನ್ನು ರಟ್ಟೆ ಹಿಡಿದು ಮೇಲಕ್ಕೆ ಎಳೆದಳು, ಕೂಸು ಚೀರಿತು, ಆಯೀ ನೋಯತೈತಿ, ತಿರಕಪ್ಪ ಲಾಳಿ ಬಿಟ್ಟ, ಏ ಏನಾತ ನಿನಗ, ಏನಾತಲೇ, ಏನಂತ ಹೇಳುವುದು, ರೊಟ್ಟಿ ತಿನ್ನಬ್ಯಾಡ್ರಿ ಅಂತಲೇ, ಮತ್ತೆ ಸೊಪ್ಪಿಗೆ ಹೋಗೋಣ ಅಂತಲೇ, ಎಲ್ಲರ ಮುಂದೆ ಬಿಚ್ಚಿದ ಅಂಗೈ ಸುಳ್ಳು ಅಂತಲೇ, ಎದುರು ಹೊಸ್ತಿಲಲ್ಲಿ ದೇವವ್ವ ಕುಳಿತಿದ್ದಾಳೆ, ಅವಳ ಕೂಸು ಹಸಿವೆಗೆ ಹೋಯಿತು, ಅವಳ ಕಣ್ಣ ಮುಂದೆ ಹೇಗೆ ಹೋಗುವುದು, ಏನ ಹೇಳಬೇಕಾಗಿಲ್ಲ ಶಂಕ್ರಿ, ಅಂತ ಅತ್ತೆಯ ದನಿ, ಯಾವಾಗಿನದೋ, ಮಾತಿಲ್ಲದ ಬರಬೇಕು. ಒಲೆಯ ಮುಂದೆ ಕುಳಿತ ಅವ್ವ, ಉರಿಯುವ ಕೊಳ್ಳಿ, ಹೋಗು, ಹೊರಗ ಹೋಗು. ಶಂಕ್ರೆವ್ವ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಬಾಗಿಲಿಗೆ ನಡೆದಳು, ಹೊಸ್ತಿಲ ಮೇಲೆ, ಬೆಳಿಗ್ಗೆ ನಿಂತಲ್ಲೇ ನಿಂತಳು, ಓಣಿಯಲ್ಲಿ ಯಾರೂ ಇವಳ ಕಡೆ ನೋಡುತ್ತಿರಲಿಲ್ಲ, ಖಟ್—ಲಟಕ್, ಖಟ್—ಲಟಕ್, ಬಲಗೈ ಮುಂದಕ್ಕೆ ಚಾಚಿದಳು, ಬೆರಳು ಮಡಿಚಿದ್ದವು, ದೇವವ್ವ ನೋಡಿದಳು, ಮುಖ ನೋಡಿದಳು, ಮುಷ್ಟಿ ನೋಡಿದಳು, ನಿಧಾನಕ್ಕೆ ಎದ್ದು ನಿಂತು ಒಳಗೆ ತಿರುಗಿ, ಕೂಸು ಹೋದ ಮೇಲೆ ಮೊದಲ ಸಲ ಬಾಯಿ ತೆರೆದು, ಏಳ್ರಿ, ಅಂದಳು. ಗಾಳೆಪ್ಪನ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ಮುಷ್ಟಿಯೊಳಗೆ ಮೂರು, ಹೆಬ್ಬೆರಳ ಗುರುತು, ಮೂರೂ ಇಡೀ, ಮೂರೂ.